ನೆಟ್‌ಹ್ಯಾಕ್‌ನಲ್ಲಿ ಸಮೂಲ ನಿರ್ನಾಮ: ಎಲ್ಲಿ ನಿಲ್ಲಬೇಕು, ಹೇಗೆ ಎಣಿಸಬೇಕು?

1987ರಲ್ಲಿ ಬಿಡುಗಡೆಯಾದ ನೆಟ್‌ಹ್ಯಾಕ್ ಎಂಬ ಕಂಪ್ಯೂಟರ್ ಆಟದಲ್ಲಿ ಅಂತಸ್ತಿನಿಂದ ಅಂತಸ್ತಿಗೆ ನೆಲದಡಿಗೆ ಇಳಿಯುತ್ತಾ ಹೋಗಬೇಕು. ಇಲ್ಲಿ ಗೆಲುವೆಂದರೆ ಪಾತಾಳದ ಆಳದಿಂದ ಯೆಂಡಾರ್‌ನ ತಾಯಿತವನ್ನು ತಂದು ದೇವರಿಗೆ ಒಪ್ಪಿಸುವುದು. ಅದನ್ನು ಸಾಧಿಸಿದ ಕೆಲವರು ಇನ್ನೂ ಕಠಿಣವಾದ ವ್ರತ ಹಿಡಿಯುತ್ತಾರೆ: ಆಟದಲ್ಲಿರುವ ಸುಮಾರು 380 ಬಗೆಯ ಜೀವಿಗಳಲ್ಲಿ ಸಾಧ್ಯವಾದಷ್ಟನ್ನು ಬೇರುಸಹಿತ ಅಳಿಸುವುದು. ಈ ಆಟದ ಒಳಗಣಿತವನ್ನು ಇಷ್ಟು ಆಳವಾಗಿ ಕಲಿಸುವ ದಾರಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಇಲ್ಲಿರುವುದು 3.4.3 ಮತ್ತು 3.6 ಆವೃತ್ತಿಗಳ ಲೆಕ್ಕ.

ಮೊದಲು ನಿಯಮ ತಿಳಿಯಿರಿ. ಒಂದು ಪ್ರಭೇದದ 120 ಜೀವಿಗಳು ಹುಟ್ಟಿದೊಡನೆ ಆಟ ಅದನ್ನು ಅಳಿದುಹೋದದ್ದೆಂದು ಗುರುತಿಸಿ, ತಾನಾಗಿ ಹುಟ್ಟಿಸುವುದನ್ನು ನಿಲ್ಲಿಸುತ್ತದೆ. ನಾಜ್ಗುಲ್ ಎಂಬ ಜೀವಿಗಳಿಗೆ ಈ ಮಿತಿ 9, ಎರಿನಿಸ್ ಎಂಬವಕ್ಕೆ 3. ಆಟ ಎಣಿಸುವುದು ಹುಟ್ಟನ್ನು, ಸಾವನ್ನಲ್ಲ. ಆದ್ದರಿಂದ ಗುರುತು ಬಿದ್ದ ಮೇಲೂ ಬದುಕುಳಿದವು ಅಲ್ಲಲ್ಲಿ ಅಡಗಿರುತ್ತವೆ. ಅವನ್ನು ಹುಡುಕಿ ಕೊಲ್ಲುವುದು ನಿಮ್ಮದೇ ಕೆಲಸ.

ಎರಡನೆಯದು ಜಾಗದ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲೇ. ಯಾವ ಜೀವಿ ಹುಟ್ಟಬಹುದು ಎಂಬುದಕ್ಕೆ ಕೆಳಮಿತಿ, ಮೇಲ್ಮಿತಿ ಎರಡೂ ಇವೆ. ಪ್ರತಿ ಜೀವಿಗೂ ಅದರ ಬಲ ಸೂಚಿಸುವ ಕಠಿಣತೆಯ ಅಂಕವಿದೆ. ನೀವಿರುವ ಆಳವನ್ನು, ಅಂದರೆ ಅಂತಸ್ತಿನ ಸಂಖ್ಯೆಯನ್ನು, 6ರಿಂದ ಭಾಗಿಸಿದರೆ ಕನಿಷ್ಠ ಕಠಿಣತೆ. ಆಳಕ್ಕೆ ನಿಮ್ಮ ಅನುಭವದ ಹಂತ ಸೇರಿಸಿ ಅರ್ಧ ಮಾಡಿದರೆ ಗರಿಷ್ಠ. ಅನುಭವದ ತುದಿಯಾದ 30ನೇ ಹಂತ ಮುಟ್ಟಿ ಹತ್ತನೇ ಅಂತಸ್ತಿನಲ್ಲಿ ನಿಂತರೆ 1ರಿಂದ 20ರವರೆಗಿನ ಕಠಿಣತೆಯ ಜೀವಿಗಳೆಲ್ಲ ಒಂದೇ ಕಡೆ ಬರುತ್ತವೆ. ಹನ್ನೆರಡಕ್ಕೆ ಇಳಿದರೆ ನ್ಯೂಟ್‌ನಂಥ ದುರ್ಬಲ ಜೀವಿಗಳು ಹುಟ್ಟುವುದೇ ಇಲ್ಲ. ಹಾಗಾಗಿ ಮೊದಲು ಬಲ ಗಳಿಸಿ, ಬಳಿಕ ಹತ್ತನೇ ಅಂತಸ್ತಿನಲ್ಲಿ ಮೆಟ್ಟಿಲ ಮೇಲೆ ಬೀಡುಬಿಡಿ. ಬಲವಾದ ಜೀವಿಗಳಿಗಾಗಿ ಆಮೇಲೆ ಕೆಳಗಿಳಿಯಬಹುದು.

ಸಾಮಾನ್ಯವಾಗಿ ಪ್ರತಿ ಸರದಿಯಲ್ಲಿ ಹೊಸ ಜೀವಿ ಹುಟ್ಟುವ ಸಾಧ್ಯತೆ 70ಕ್ಕೆ 1 ಮಾತ್ರ. ನರಕದ ಬಾಗಿಲಾದ ಕೋಟೆಯ ಕೆಳಗೆ ಅದು 50ಕ್ಕೆ 1. ಯೆಂಡಾರ್‌ನ ಮಾಂತ್ರಿಕನನ್ನು ಕೊಂದ ಮೇಲೆ 25ಕ್ಕೆ 1. ಸುಮ್ಮನೆ ಕಾಯುವ ಬದಲು ಜೀವಿಸೃಷ್ಟಿಯ ಮಂತ್ರವನ್ನು ಕಲಿತುಕೊಳ್ಳಿ. ಆ ಹೆಸರಿನ ಸುರುಳಿಯನ್ನು ಗೊಂದಲದ ಸ್ಥಿತಿಯಲ್ಲಿ ಓದಿದರೆ ಒಮ್ಮೆಗೇ ಕನಿಷ್ಠ ಹದಿಮೂರು ಆ್ಯಸಿಡ್ ಬ್ಲಾಬ್‌ಗಳು ಬರುತ್ತವೆ. ಹತ್ತು ಸುರುಳಿಗಳಿಗೆ ಆ ಪ್ರಭೇದದ ಲೆಕ್ಕ ಮುಗಿಯಿತು! ಅಪರೂಪದ ಜೀವಿಗಳಿಗೆ ಕುಲನಾಶದ ಸುರುಳಿಯನ್ನು ಅಪವಿತ್ರ ಜಲದಲ್ಲಿ ಅದ್ದಿ ಶಾಪಗ್ರಸ್ತ ಮಾಡಿಕೊಳ್ಳಿ. ಆಗ ಅದು ನಾಶ ಮಾಡುವ ಬದಲು ನೀವು ಹೆಸರಿಸಿದ ಜೀವಿಗಳನ್ನು ನಿಮ್ಮ ಸುತ್ತ ಹುಟ್ಟಿಸುತ್ತದೆ. ಆಶೀರ್ವದಿಸಿದ ಸುರುಳಿ ಇಡೀ ವರ್ಗವನ್ನೇ ಒಂದೇ ಏಟಿಗೆ ಅಳಿಸುತ್ತದೆ, ನಿಜ. ನಾನು ಅದನ್ನು ಒಪ್ಪುವುದಿಲ್ಲ. ಕತ್ತಿ ಹಿಡಿದು ಮಾಡಿದ ಕೆಲಸಕ್ಕಿರುವ ಬೆಲೆ ಅದಕ್ಕಿಲ್ಲ. ಓದಲೇಬೇಕೆಂದರೆ ನಿಮ್ಮ ಸ್ವಂತ ಕುಲದ ಹೆಸರು ಮಾತ್ರ ಬೇಡ, ಪಾತ್ರ ಅಲ್ಲೇ ಸಾಯುತ್ತದೆ.

ಕೆಲವು ಜೀವಿಗಳು ಸ್ಥಳಕ್ಕೆ ಕಟ್ಟುಬಿದ್ದಿವೆ. ಹೆಲ್ ಹೌಂಡ್ ತಾನಾಗಿ ಹುಟ್ಟುವುದು ಗೆಹೆನಮ್ ನರಕದಲ್ಲಿ ಮಾತ್ರ. ವಿಂಟರ್ ವುಲ್ಫ್, ಫ್ರಾಸ್ಟ್ ಜೈಂಟ್‌ಗಳು ಅಲ್ಲಿ ಹುಟ್ಟುವುದಿಲ್ಲ. ಮೇಲಿನ ಅಂತಸ್ತುಗಳಲ್ಲಷ್ಟೇ ಹುಟ್ಟುವವುಗಳ ಪಟ್ಟಿ ಮುಗಿಯದೆ ನರಕಕ್ಕೆ ಇಳಿಯಬೇಡಿ.

ನಿಮ್ಮೊಂದಿಗೆ ಶಾಂತವಾಗಿರುವ ಜೀವಿಗಳದ್ದೇ ನಿಜವಾದ ತೊಡಕು. ಅವುಗಳನ್ನು ಕೊಂದರೆ ಅದೃಷ್ಟ ಕುಸಿಯುತ್ತದೆ, ಆಗ ಪ್ರಾರ್ಥನೆ ಕೈಕೊಡುತ್ತದೆ. ಕಳೆದುಕೊಂಡ ಅದೃಷ್ಟ ಸಾಮಾನ್ಯವಾಗಿ 600 ಸರದಿಗೆ ಒಂದು ಅಂಕದಂತೆ ಮರಳುತ್ತದೆ. ಅದೃಷ್ಟಶಿಲೆ (ಅದೃಷ್ಟ ಕರಗುವುದನ್ನು ತಡೆಯುವ ಕಲ್ಲು) ಜೊತೆಗಿದ್ದರೆ ಅದನ್ನು ಆಶೀರ್ವದಿಸಿಕೊಂಡಿರಿ. ಇಲ್ಲವಾದರೆ ದುರದೃಷ್ಟ ಕರಗುವುದೇ ಇಲ್ಲ. ಇಂಥ ಕೊಲೆಗಳನ್ನು ಒಂದೇ ಅವಧಿಗೆ ಒಟ್ಟುಗೂಡಿಸಿ ಮುಗಿಸಿ, ಆಮೇಲೆ ಸಾಕಷ್ಟು ಸರದಿಗಳು ಕಳೆಯುವವರೆಗೆ ಪ್ರಾರ್ಥಿಸಬೇಡಿ.

ಪ್ರತಿ ಪ್ರಭೇದಕ್ಕೂ ಒಂದು ಸಾಲಿಟ್ಟು ಕಾಗದದ ಮೇಲೆ ಲೆಕ್ಕ ಬರೆಯುತ್ತಾ ಹೋಗಿ. ಕೊಂದವುಗಳ ಪೂರ್ಣ ಪಟ್ಟಿ ಬೇಕೇ ಎಂದು ಆಟ ಮುಗಿದಾಗ ಕೇಳುತ್ತದೆ. ನಿಮ್ಮ ಲೆಕ್ಕವನ್ನು ಅದರೊಂದಿಗೆ ಹೋಲಿಸಿ ನೋಡಿ.