ಕ್ವಾರಿಯ ದುಡ್ಡು ಎಲ್ಲಿಗೆ ಹೋಯ್ತು? ಸಂಘದವರು ಲೆಕ್ಕ ಕೇಳುವುದು ಹೀಗೆ

ಹಾಸನ ಜಿಲ್ಲೆಯಲ್ಲಿ ಕಲ್ಲು ಕ್ವಾರಿ ಪಕ್ಕದ ಊರಿನವರು ದೂಳಿನ ಬಗ್ಗೆ, ಕಿತ್ತುಹೋದ ರಸ್ತೆ ಬಗ್ಗೆ ದೂರುತ್ತಾರೆ. ಆ ಕಲ್ಲಿನಿಂದ ಸರ್ಕಾರಕ್ಕೆ ಎಷ್ಟು ರಾಜಧನ (ಅಗೆದ ಖನಿಜಕ್ಕೆ ಕಟ್ಟುವ ರಾಯಲ್ಟಿ) ಬಂತು, ಊರಿಗೆ ವಾಪಸ್ ಬಂದದ್ದೆಷ್ಟು ಅಂತ ಕೇಳುವವರು ಕಮ್ಮಿ. ಕೇಳೋಕೆ ವಕೀಲರು ಬೇಕಿಲ್ಲ. ರೈತ ಸಂಘ, ಯುವಕ ಸಂಘ, ಸ್ತ್ರೀಶಕ್ತಿ ಗುಂಪು ಯಾವುದಾದರೂ ಸಾಕು.

ಮೊದಲು ಒಂದೇ ಒಂದು ಕ್ವಾರಿ ಆರಿಸಿಕೊಳ್ಳಿ. ‘ಜಿಲ್ಲೆಯ ಗಣಿ ಆದಾಯ ಕೊಡಿ’ ಅಂದರೆ ಒಂದು ದೊಡ್ಡ ಮೊತ್ತ ಬರೆದು ಕಳಿಸುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಸರ್ವೆ ನಂಬರ್ ಹಿಡಿದು ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಆ ನಂಬರಿನ ಪಹಣಿ ತೆಗೆಸಿಡಿ.

ಆಮೇಲೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಸಂಘದ ಲೆಟರ್‌ಹೆಡ್ ಬೇಡ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ, ಹಾಗಾಗಿ ಒಬ್ಬ ಸದಸ್ಯರ ಹೆಸರಲ್ಲೇ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಪೀಠಿಕೆ, ಆವೇಶ ಎಲ್ಲ ಬಿಟ್ಟು ನೇರವಾಗಿ ಕೇಳಿ: ಗುತ್ತಿಗೆ ಆದೇಶ, ನಕ್ಷೆ, ಒಂದು ಹಣಕಾಸು ವರ್ಷದಲ್ಲಿ ಕೊಟ್ಟ ಸಾಗಾಣಿಕೆ ಪರ್ಮಿಟ್‌ಗಳ ತಿಂಗಳುವಾರು ಟನ್ ಲೆಕ್ಕ, ಕಟ್ಟಿದ ರಾಜಧನ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ (ಡಿಎಂಎಫ್) ಕಟ್ಟಿದ ಹಣ. ಯಾಕೆ ಬೇಕು ಅಂತ ಹೇಳಬೇಕಿಲ್ಲ, 6(2)ನೇ ಸೆಕ್ಷನ್ ಓದಿ. ಕ್ವಾರಿ ಮಾಲೀಕರು ಊರಿನವರೇ ಆಗಿದ್ದರೆ ಅರ್ಜಿ ಬೇರೆ ತಾಲ್ಲೂಕಿನ ಗೆಳೆಯರ ಹೆಸರಲ್ಲಿ ಹೋಗಲಿ. ಧೈರ್ಯ ತೋರಿಸೋಕೆ ಬೇರೆ ಜಾಗಗಳಿವೆ.

ಈ ಡಿಎಂಎಫ್ 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿಯಾದಾಗ ಬಂದದ್ದು. ಗಣಿಯಿಂದ ತೊಂದರೆಯಾದ ಜನರಿಗಾಗಿ ಖರ್ಚಾಗಬೇಕಾದ ಹಣ ಇದು. ಹಾಸನ ಜಿಲ್ಲೆಯದೇ ಬೈರಾಪುರದ ಕ್ರೋಮೈಟ್ ಅದಿರಿನಂಥ ಪ್ರಧಾನ ಖನಿಜಕ್ಕೆ, 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಯಾದರೆ ರಾಜಧನದ ಶೇ 30ರಷ್ಟು, ಆಮೇಲಿನದಾದರೆ ಶೇ 10ರಷ್ಟು. ಇದನ್ನು ರಾಜಧನದ ಮೇಲೆ ಬೇರೆಯಾಗಿ ಕಟ್ಟಬೇಕು. ಕಟ್ಟಡದ ಕಲ್ಲು, ಜಲ್ಲಿಗೆ ರಾಜ್ಯದ್ದೇ ನಿಯಮ.

ಉತ್ತರ ಬಂದ ಮೇಲೆ ಪರ್ಮಿಟ್‌ನ ಟನ್ನನ್ನು ಆ ವರ್ಷದ ರಾಜಧನ ದರದಿಂದ ಗುಣಿಸಿ. ಕಟ್ಟಿದ ಹಣಕ್ಕೆ ತಾಳೆಯಾಗುತ್ತಾ ನೋಡಿ. ಒಂದು ವಾರ ಕ್ವಾರಿ ಬಾಯಲ್ಲಿ ಟಿಪ್ಪರ್ ಎಣಿಸಿದರೆ ಇನ್ನೂ ಒಳ್ಳೆಯದು. ಪರ್ಮಿಟ್ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಲೋಡು, ರಸ್ತೆಯಲ್ಲಿ ನಲವತ್ತು ಅಂದರೆ ಕೇಳಬೇಕಾದ್ದೇ, ಅಲ್ವಾ? ಆದರೆ ಸುಮ್ನೆ ಯಾರನ್ನೂ ಕಳ್ಳ ಅನ್ನಬೇಡಿ. ಬೇರೆ ಕ್ವಾರಿಯ ಗಾಡಿಗಳೂ ಅದೇ ದಾರಿಯಲ್ಲಿ ಓಡಾಡುತ್ತಿರಬಹುದು.

ಇನ್ನು ಖರ್ಚು. ಡಿಎಂಎಫ್ ಸಭೆಯ ನಡಾವಳಿ, ವಾರ್ಷಿಕ ಯೋಜನೆ, ಕಾಮಗಾರಿಗಳ ಸ್ಥಿತಿಯನ್ನು ವೆಬ್‌ಸೈಟಿಗೆ ಹಾಕಬೇಕು ಅಂತ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಸಿಗದಿದ್ದರೆ ಇನ್ನೊಂದು ಅರ್ಜಿ. ಶಾಲಾ ಕೊಠಡಿ, ನೀರಿನ ಟ್ಯಾಂಕ್ ಕ್ವಾರಿ ಪಕ್ಕದ ಊರಿಗೆ ಬಂತೋ, ಗಣಿಯೇ ಇಲ್ಲದ ಪೇಟೆಗೆ ಹೋಯಿತೋ ನೋಡಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಿಮ್ಮ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದರಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅಲ್ಲಿ ಬೇಗ ಮುಗಿಯುತ್ತೆ ಅಂದುಕೊಳ್ಳಬೇಡಿ, ಅಷ್ಟರಲ್ಲಿ ಪಕ್ಕದ ಕ್ವಾರಿಯ ಅರ್ಜಿ ಹಾಕಿಬಿಡಿ.