ಮೊದಲು ಸಂಡೂರು, ಆಮೇಲೆ ಊಟಿ: ಕ್ಯಾರವಾನ್‌ನಲ್ಲಿ ಘಾಟಿ ಹತ್ತುವುದು ಹೇಗೆ?

ನಮ್ಮ ಬಳ್ಳಾರಿಯವರಿಗೆ ಗಾಡಿ ಓಡಿಸೋದು ಅಂದ್ರೆ ನೇರ ರಸ್ತೆ. ಸಿರುಗುಪ್ಪ ಕಡೆ ಹೋದರೂ ಅಷ್ಟೇ, ಚಳ್ಳಕೆರೆ ಕಡೆ ಹೋದರೂ ಅಷ್ಟೇ, ಸ್ಟೇರಿಂಗ್ ತಿರುಗಿಸುವ ಕೆಲಸ ಕಡಿಮೆ. ಅಂಥ ಕೈಯಲ್ಲಿ ಬಾಡಿಗೆ ಕ್ಯಾರವಾನ್ ಹಿಡಿದು ಮೇ ತಿಂಗಳ ಸೆಕೆಗೆ ಸೀದಾ ಊಟಿಗೆ ಹೊರಡುವವನಿದ್ದೆ ನಾನು. ತಡೆದದ್ದು ಸೋದರಮಾವ. ಅದಿರು ಲಾರಿ ಓಡಿಸಿದ ಮನುಷ್ಯ. "ಮೊದ್ಲು ಸಂಡೂರು ಗುಡ್ಡ ಹತ್ತಿ ಇಳಿದು ಬಾರಲೇ, ಊಟಿ ಮಾತು ಆಮ್ಯಾಲೆ" ಅಂದರು. ಅವರ ಮಾತು ಕೇಳಿದ್ದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ ನೋಡಿ

ಟೆಂಪೋ ಟ್ರಾವೆಲರ್‌ನಂಥ ವ್ಯಾನಿಗೆ ಎರಡು ಹಾಸಿಗೆ, ಒಲೆ, ಸಿಂಕ್, ಪುಟ್ಟ ಫ್ರಿಜ್, ಶೌಚಾಲಯ ಕೂಡಿಸಿದರೆ ಅದೇ ಕ್ಯಾರವಾನ್. ನಮ್ಮ ಅವ್ವ ಅದಕ್ಕೆ 'ಮನಿ ಬಂಡಿ' ಅಂತ ಹೆಸರಿಟ್ಟಳು. ಒಳಗೆ ಹತ್ತಿದ ಕೂಡಲೇ ಅವಳ ಮೊದಲ ಪ್ರಶ್ನೆ, "ದೇವರ ಜಗಲಿ ಎಲ್ಲೈತಿ?"

ವ್ಯಾನಿನ ಒಳಗೆ ಮಾಡಿದ ಬದಲಾವಣೆ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ನಮೂದಾಗಿರಬೇಕು. ನಾವೇ ಓಡಿಸುವ ಬಾಡಿಗೆ ಗಾಡಿಯಾದರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತವೆ. ಲೈಸೆನ್ಸ್ ಚಿಂತೆ ಜಾಸ್ತಿ ಬೇಡ. ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಎಲ್‌ಎಂವಿ, ಅಂದ್ರೆ ಹಗುರ ವಾಹನದ ಲೈಸೆನ್ಸ್ ಸಾಕು. ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಈ ಮಾತನ್ನು ಖಚಿತ ಮಾಡಿದೆ. ಇನ್ನೊಂದು, ಗಾಡಿಯ ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ. ರೈಲ್ವೆ ಅಂಡರ್‌ಪಾಸ್ ಮುಂದೆ ನಿಂತು "ಹೋಗ್ತದೋ ಇಲ್ವೋ" ಅಂತ ಯೋಚಿಸುತ್ತಾ ಹಿಂದಿನವರಿಂದ ಹಾರ್ನ್ ಹೊಡೆಸಿಕೊಳ್ಳೋದು ತಪ್ಪುತ್ತೆ.

ಭಾರ ಕೆಳಗೆ ಇರಲಿ

ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ. 100 ಲೀಟರ್ ಟ್ಯಾಂಕ್ ತುಂಬಿಸಿಕೊಂಡು ಘಾಟಿ ಹತ್ತಿದರೆ ಒಂದು ಕ್ವಿಂಟಲ್ ಜೋಳದ ಚೀಲ ಹೊತ್ತು ಹೋದಂತೆ. ಬಳ್ಳಾರಿಯಿಂದ ನೀರು ಒಯ್ಯುವ ಚಟ ಬಿಡಿ, ಕಾಲು ಟ್ಯಾಂಕ್ ಸಾಕು, ಮೇಲೆ ಹೋದ ಮೇಲೆ ತುಂಬಿಸಿಕೊಳ್ಳಿ. ಅಕ್ಕಿ, ಬೇಳೆ, ಕುಕ್ಕರ್ ಎಲ್ಲ ಹಾಸಿಗೆ ಕೆಳಗಿನ ಪೆಟ್ಟಿಗೆಯಲ್ಲಿರಲಿ. ಮೇಲಿನ ಕಪಾಟಿನಲ್ಲಿ ಬಟ್ಟೆ, ಟವೆಲ್ ಅಷ್ಟೇ. ನಾವು ಶೇಂಗಾ ಚಟ್ನಿಪುಡಿ ಡಬ್ಬಿಯನ್ನು ಮೇಲಿಟ್ಟು ಚಿಲಕ ಹಾಕೋದು ಮರೆತೆವು. ಮೂರನೇ ತಿರುವಿಗೆ ಕಪಾಟು ಬಾಯಿ ತೆರೆಯಿತು. ಅರ್ಧ ಕೆ.ಜಿ. ಪುಡಿ ಹಾಸಿಗೆ, ಸೀಟು, ಅವ್ವನ ತಲೆ ಎಲ್ಲಾ ಕಡೆ! ಮುಚ್ಚಳ ಎಷ್ಟೇ ಬಿಗಿ ಇರಲಿ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿಡಿ.

ಸಂಡೂರಿನಲ್ಲಿ ಪರೀಕ್ಷೆ

ಬಳ್ಳಾರಿಯಿಂದ ತೋರಣಗಲ್ಲು ಮೇಲೆ ಸಂಡೂರಿಗೆ ಹತ್ತಿರ ಹತ್ತಿರ 60 ಕಿ.ಮೀ. ಒಂದು ದಿನದ ಕೆಲಸ. ಊರು ಸುತ್ತ ಗುಡ್ಡಗಳ ನಡುವೆ ಬಟ್ಟಲಿನಲ್ಲಿಟ್ಟಂತಿದೆ. ಒಳಗೆ ಹೋಗಲು ಗುಡ್ಡ ಸೀಳಿದಂಥ ಜಾಗಗಳಿವೆ, ಅವಕ್ಕೆ 'ಗಂಡಿ' ಅಂತಾರೆ. ಭೀಮಗಂಡಿ, ಓಬಳಗಂಡಿ ಹೆಸರು ಕೇಳಿರ್ತೀರಿ. ಗಾಂಧೀಜಿ 1934ರಲ್ಲಿ ಬಂದು ಹೋದ ಊರಿದು. ಮಳೆಗಾಲದ ಕೊನೆಗೆ ಹೋದರೆ ಇದು ಬಳ್ಳಾರಿ ಪಕ್ಕದ ಊರಾ ಅಂತ ಅನುಮಾನ ಬರುವಷ್ಟು ಹಸಿರು. ದಾರಿಯಲ್ಲಿ ಅದಿರು ಲಾರಿಗಳಿರುತ್ತವೆ, ಹುಷಾರು. ಮಳೆ ಬಿದ್ದ ಮೇಲೆ ಆ ಕೆಂಪು ದೂಳು ಕೆಸರಾಗಿ ಜಾರುತ್ತದೆ.

ಅಭ್ಯಾಸಕ್ಕೆ ಕುಮಾರಸ್ವಾಮಿ ಗುಡಿಯ ಘಾಟಿ ರಸ್ತೆ ಹತ್ತಿ. ಹತ್ತೋದು ಸುಲಭ, ಎರಡನೇ ಗೇರ್‌ನಲ್ಲಿ ನಿಧಾನ ಹೋದರಾಯಿತು. ಪರೀಕ್ಷೆ ಇರೋದು ಇಳಿಯುವಾಗ. ಮಾವ ಹೇಳಿದ್ದು ಒಂದೇ ಮಾತು, "ಹತ್ತಿದ ಗೇರ್‌ನಾಗ ಇಳಿ". ಗೇರ್ ಕಡಿಮೆ ಇದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನಾನು ಮಾತ್ರ ಎರಡು ತಿರುವು ಆದ ಮೇಲೆ ಸುಮ್ನೆ ಮೂರಕ್ಕೆ ಹಾಕಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ರಬ್ಬರಿನಂಥ ವಾಸನೆ. ಪೆಡಲ್ ಮೆತ್ತಗಾಗಿ ಒಳಗೆ ಹೋಗತೊಡಗಿತು. ಬ್ರೇಕ್ ಪ್ಯಾಡ್ ಕಾದು ಹಿಡಿತ ಬಿಡುತ್ತದೆ, ತೀರಾ ಕಾದರೆ ಬ್ರೇಕ್ ಆಯಿಲ್ಲೇ ಕುದಿಯುತ್ತದೆ. ಮೊದಲ ಗೇರ್‌ಗೆ ತಂದು, ಗುಡ್ಡದ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂತೆವು. ತಣ್ಣಗಾಗಲಿ ಅಂತ ನೀರು ಹಾಕಬೇಡಿ, ಕಾದ ಡಿಸ್ಕ್ ಬಿರುಕು ಬಿಡುತ್ತದೆ. ಇಳಿಯುವಾಗ ಬ್ರೇಕ್ ಒತ್ತಿ, ಬಿಡಿ, ಮತ್ತೆ ಒತ್ತಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ, ಅವರ ಗಾಡಿ ಹತ್ತಲೇ ಬೇಡಿ. ಎಂಜಿನ್ ಆಫ್ ಮಾಡಿದರಂತೂ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಕಿರಿದಾದ ಜಾಗದಲ್ಲಿ ಎದುರು ಗಾಡಿ ಬಂದರೆ ಇಳಿಯುವವರು ನಿಲ್ಲಬೇಕು, ಹತ್ತುವವರು ಮೊದಲು. ಇದು ಬರೀ ಮರ್ಯಾದೆಯಲ್ಲ, ನಿಯಮವೇ ಇದೆ.

ಈಗ ಊಟಿ

ಚಳ್ಳಕೆರೆ, ಹಿರಿಯೂರು, ಹುಳಿಯಾರು, ನಾಗಮಂಗಲ ಮೇಲೆ ಮೈಸೂರು. ಮೊದಲ ರಾತ್ರಿ ಗುಂಡ್ಲುಪೇಟೆಯಲ್ಲಿ ಮಲಗಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಮುಚ್ಚಿರುತ್ತದೆ, ಕಾಡಿನ ನಡುವೆ ನಿಲ್ಲಿಸಿ ಚಹಾ ಕಾಸುವ ಆಸೆಯೂ ಬೇಡ. ಊಟಿ ಇರುವ ನೀಲಗಿರಿ ಜಿಲ್ಲೆಗೆ 2024ರ ಮೇ ತಿಂಗಳಿನಿಂದ ಇ-ಪಾಸ್ (ಆನ್‌ಲೈನ್ ಪ್ರವೇಶ ಚೀಟಿ) ಬಂದಿದೆ, ಮನೆಯಲ್ಲೇ ಮಾಡಿಸಿಕೊಳ್ಳಿ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿರದ ದಾರಿ ಅಂತ ಮೊಬೈಲ್ ತೋರಿಸುತ್ತದೆ. ಕೇಳಬೇಡಿ. 36 ಹೇರ್‌ಪಿನ್ ತಿರುವುಗಳಿವೆ, ಬಹಳ ಕಡಿದು. ಗೂಡಲೂರು ದಾರಿ ಉದ್ದ, ಆದರೆ ಮನಿ ಬಂಡಿಗೆ ಅದೇ ಸರಿ.

ಊಟಿ, ಕೂನೂರು, ಕೋಟಗಿರಿಯ ಪೇಟೆ ಬೀದಿಗಳಿಗೆ ಈ ಗಾಡಿ ನುಗ್ಗಿಸಬೇಡಿ. ಊರ ಹೊರಗೆ ಕೇಳಿಕೊಂಡು ನಿಲ್ಲಿಸಿ, ಪೇಟೆಗೆ ಆಟೋದಲ್ಲಿ ಹೋಗಿ. ನಿಲ್ಲಿಸಿದಲ್ಲಿ ನೆಲ ಸಮ ಇದೆಯಾ ನೋಡೋಕೆ ಒಂದು ತಟ್ಟೆಯಲ್ಲಿ ನೀರು ಹಾಕಿ ಒಳಗಿಡಿ. ವಾರೆಯಾದ ಕಡೆಯ ಚಕ್ರದ ಕೆಳಗೆ ಹಲಗೆ ಕೊಡಿ. ಇಲ್ಲಾಂದ್ರೆ ರಾತ್ರಿಯಿಡೀ ಒಬ್ಬರ ಮೇಲೊಬ್ಬರು ಉರುಳುತ್ತಾ ಮಲಗಬೇಕಾಗುತ್ತೆ.

ಊಟಿ 2,240 ಮೀಟರ್ ಎತ್ತರ. ಅಲ್ಲಿ ನೀರು 93 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಅನ್ನ ಬೇಯೋದೇ ಇಲ್ಲ ಅಂತ ಅವ್ವ ಒಲೆಯನ್ನೇ ಬೈದಳು. ಕುಕ್ಕರ್ ಮರೆಯಬೇಡಿ. ಚಿಪ್ಸ್ ಪ್ಯಾಕೆಟ್ ಉಬ್ಬಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ, ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದ್ದಕ್ಕೆ ಹಾಗಾಗುತ್ತೆ.

ಒಂದನ್ನು ಮಾತ್ರ ಯಾವತ್ತೂ ಮಾಡಬೇಡಿ. ಚಳಿ ಅಂತ ಗಾಡಿ ಮುಚ್ಚಿಕೊಂಡು ಒಳಗೆ ಕೆಂಡ ಇಡೋದು, ಗ್ಯಾಸ್ ಒಲೆ ಹಚ್ಚಿಟ್ಟು ಮಲಗೋದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ರಗ್ಗು ಒಂದು ಜಾಸ್ತಿ ಒಯ್ಯಿರಿ, ಕಿಟಕಿ ಎರಡು ಬೆರಳು ತೆರೆದಿರಲಿ, ಮಲಗುವ ಮುಂಚೆ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ.

ಗಾಡಿ ವಾಪಸ್ ಕೊಡುವ ಹಿಂದಿನ ದಿನ ಒಳಗೆಲ್ಲ ಗುಡಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ನಾವು ಎರಡು ಸಲ ಗುಡಿಸಿದ್ದೆವು. ಆದರೂ ಬಾಡಿಗೆ ಕೊಟ್ಟವರು ಸೀಟು ಎತ್ತಿದರೆ ಸಂದಿಯಲ್ಲಿ ಶೇಂಗಾ ಪುಡಿ. ತೊಳೆಯೋಕೆ ಅಂತ 500 ರೂಪಾಯಿ ಹಿಡಿದುಕೊಂಡರು.