ಧನುಷ್ಕೋಡಿಗೆ ಸೈಕಲ್‌ನಲ್ಲಿ ಹೋಗುವವರು ಬಾಟಲಿಗೆ ಒದ್ದೆ ಸಾಕ್ಸ್ ಹಾಕಿ
ಮೈಸೂರಿಂದ ರಾಮೇಶ್ವರಕ್ಕೆ ಸೈಕಲ್ ಒಯ್ಯುವವರು ಹಳೆಯ ಹತ್ತಿ ಸಾಕ್ಸ್ ನೆನೆಸಿ ನೀರಿನ ಬಾಟಲಿಗೆ ತೊಡಿಸಿ. ಮಣ್ಣಿನ ಹೂಜಿಯ ಲೆಕ್ಕವೇ ಇದು, ಬಟ್ಟೆಯ ನೀರು ಆರುವಾಗ ಬಾಟಲಿಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ರಾಮೇಶ್ವರ ಊರಿಂದ ಧನುಷ್ಕೋಡಿಯ ತುತ್ತತುದಿ ಅರಿಚಲ್ ಮುನೈವರೆಗೆ ಸುಮಾರು 20 ಕಿ.ಮೀ., ಕೊನೆಯಲ್ಲಿ ಎರಡೂ ಕಡೆ ಬರೀ ಮರಳು, ಸಮುದ್ರ, ನೆರಳೇ ಇಲ್ಲ, ಅಂಥ ಕಡೆ ಕಾದ ನೀರು ಗಂಟಲಲ್ಲಿ ಇಳಿಯುವುದಿಲ್ಲ ಅಲ್ವಾ, ಕುಡಿಯದಿದ್ದರೆ ತಲೆ ಸುತ್ತುತ್ತದೆ. ಗಾಳಿ ಜಾಸ್ತಿ, ಬೇಗ ಒಣಗುತ್ತದೆ, ಆಗಾಗ ನೆನೆಸಿ. ಸಮುದ್ರದ ನೀರು ಮಾತ್ರ ಬೇಡ, ಉಪ್ಪು ತೊಟ್ಟಿಕ್ಕಿ ಚೈನು ತುಕ್ಕು ಹಿಡಿಯುತ್ತದೆ. ಗಾಳಿ ಆಡದ, ಬೆವರೇ ಆರದ ಸೆಖೆಯಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ. ಎರಡು ಪದರದ ಥರ್ಮಾಸ್ ಬಾಟಲಿಗೂ ಸುಮ್ನೆ ದಂಡ.